ಬಪ್ಪಂಗಾಯಿ ಹಾಲಿನ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಿರಣ್ ಮಜುಂದಾರ್ ಶಾ ಅವರ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಅರ್ಧ ಪುಟದ ಲೇಖನ ಓದಿದೆ. ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜು, 10,000 ರೂಪಾಯಿ ಬಂಡವಾಳ, ಈಗ ಇಷ್ಟು ಸಾವಿರ ಕೋಟಿ ಆಸ್ತಿ. ಎಲ್ಲ ಸರಿ ಇದೆ. ಆದರೆ ಗ್ಯಾರೇಜಿಗೂ ಕೋಟಿಗೂ ನಡುವೆ ಇದ್ದದ್ದು 'ಕಠಿಣ ಪರಿಶ್ರಮ' ಎಂಬ ಎರಡೇ ಪದ. ನನಗೆ ಬೇಸರವಾದದ್ದು ಅಲ್ಲಿ.

ನಾನು ಬದಿಯಡ್ಕ ಹತ್ತಿರದ ಒಂದು ಮದ್ದಿನಂಗಡಿಯಲ್ಲಿ ಫಾರ್ಮಸಿಸ್ಟ್. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅವರ ಕಂಪನಿ ಬಯೋಕಾನ್‌ನ ಮದ್ದುಗಳನ್ನು ದಿನಾ ಕೈಯಲ್ಲಿ ಹಿಡಿಯುವವಳು. ಹಾಗಾಗಿ ಲೇಖನವನ್ನು ಕತ್ತರಿಸಿ ಮನೆಗೆ ಒಯ್ದು ಅಕ್ಕನ ಮಗಳಿಗೆ ಕೊಟ್ಟೆ. ಅವಳು ಪ್ಲಸ್ ಟು ಮುಗಿಸಿ ಎರಡು ಸಲ ನೀಟ್ ಬರೆದಳು. ಒಂದು ವರ್ಷ ಮನೆ ಬಿಟ್ಟು ರಿಪೀಟರ್ ಬ್ಯಾಚಿನಲ್ಲಿ ಕೂತು ಓದಿದಳು. ಸೀಟು ಆಗಲಿಲ್ಲ. ಈಗ ಎರಡು ತಿಂಗಳಿಂದ ಮದುವೆ, ಪೂಜೆ ಎಲ್ಲಿಗೂ ಬರುವುದಿಲ್ಲ. ಹೋದಲ್ಲೆಲ್ಲಾ ಅದೇ ಪ್ರಶ್ನೆ ಅಲ್ವಾ, 'ಸೀಟು ಆಯ್ತಾ?' ಅಂತ.

ಅವಳು ಲೇಖನ ಓದಿ ಮಡಚಿ ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ಚಿಕ್ಕಮ್ಮ, ಇದ್ರಲ್ಲಿ ಅವ್ರಿಗೆ ದುಡ್ಡಾದ ಕಥೆ ಉಂಟು. ಅವ್ರು ಏನು ಮಾಡಿದ್ದು ಅಂತ ಇಲ್ವಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರವನ್ನು ಹುಡುಕಿ, ಓದಿ, ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಪತ್ರ ಉದ್ದವಾದೀತು, ದಯವಿಟ್ಟು ಪೂರ್ತಿ ಓದಿ.

ಮೊದಲು ನಮ್ಮ ಹಿತ್ತಿಲಿನ ಮಾತು. ನನ್ನ ಅಜ್ಜಿ ಮನೆಯಲ್ಲಿ ಆಡಿನ ಮಾಂಸ ಮಾಡುವ ದಿನ ಹಿತ್ತಿಲಿನ ಎಳೆ ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಒಂದು ಬರಲೇಬೇಕು. ಮಾಂಸ ಬಲಿತಿದ್ದರೆ ಎಷ್ಟು ಹೊತ್ತು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಅದಕ್ಕೆ ಕಾಯಿಯ ನಾಲ್ಕು ತುಂಡು ಅರೆದು ಮೊದಲೇ ಸವರಿ ಇಡುತ್ತಿದ್ದರು. ಕಾಯಿ ಹೆಚ್ಚುವ ಮೊದಲು ಅಜ್ಜಿ ಎರಡೂ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು. ಕತ್ತಿ ತಾಗಿದ ಕೂಡಲೇ ಬಿಳಿ ಹಾಲು ಮಣಿ ಮಣಿಯಾಗಿ ಮೂಡುತ್ತಿತ್ತು. ಅದು ಬೆರಳಿನ ಸಂದಿಗೆ ತಾಗಿ ಒಣಗಿದರೆ ಚರ್ಮ ಉರಿಯುತ್ತಿತ್ತು, ಸಂಜೆಗೆ ಬೆರಳ ತುದಿ ಸುಲಿದ ಹಾಗೆ ಆಗುತ್ತಿತ್ತು. "ಕಣ್ಣಿಗೆ ಮುಟ್ಟಿಸ್ಬೇಡ ಮಗಾ" ಎಂದು ಅಜ್ಜಿ ಹತ್ತು ಸಲ ಹೇಳುತ್ತಿದ್ದರು.

ಮಾಂಸವನ್ನು ಮೆತ್ತಗೆ ಮಾಡುವುದೂ ಬೆರಳನ್ನು ಸುಲಿಯುವುದೂ ಒಂದೇ ವಸ್ತು. ಅದರ ಹೆಸರು ಪಪೈನ್. ಅದೊಂದು ಕಿಣ್ವ, ಪ್ರೋಟೀನನ್ನು ತುಂಡು ತುಂಡು ಮಾಡುವ ಕಿಣ್ವ. 1978ರಲ್ಲಿ 25 ವರ್ಷದ ಕಿರಣ್ ಮಜುಂದಾರ್ ಆ ಗ್ಯಾರೇಜಿನಲ್ಲಿ ತಯಾರಿಸಲು ಹೊರಟದ್ದು ಇದನ್ನೇ. ಇದರ ಜೊತೆಗೆ ಇನ್ನೊಂದು, ಐಸಿಂಗ್ಲಾಸ್ ಅಂತ, ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿ ಮಾಡುವುದು. ಬಪ್ಪಂಗಾಯಿ ಹಾಲು ಮತ್ತು ಮೀನಿನ ಗಾಳಿಚೀಲ. ನಮ್ಮ ಊರಿನಲ್ಲಿ ಈ ಎರಡನ್ನೂ ಕಾಣದ ಮನೆ ಇದೆಯಾ ಹೇಳಿ. ಅಷ್ಟು ದೊಡ್ಡ ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇವನ್ನು ಕೊಂಡುಕೊಳ್ಳುತ್ತಿದ್ದವರು ಯಾರು? ಮುಖ್ಯವಾಗಿ ಬಿಯರ್ ಮಾಡುವವರು. ಬಿಯರನ್ನು ತಣ್ಣಗೆ ಮಾಡಿದಾಗ ಅದರಲ್ಲಿರುವ ಪ್ರೋಟೀನ್ ಮಬ್ಬಾಗಿ ಕಾಣಿಸುತ್ತದೆ, ಪಪೈನ್ ಹಾಕಿದರೆ ಆ ಪ್ರೋಟೀನ್ ತುಂಡಾಗಿ ಬಿಯರ್ ತಿಳಿಯಾಗುತ್ತದೆ. ಐಸಿಂಗ್ಲಾಸ್ ಹಾಕಿದರೆ ತೇಲುತ್ತಿರುವ ಯೀಸ್ಟ್ ಅಡಿಗೆ ಕೂರುತ್ತದೆ. ಇದು ಕಿರಣ್ ಅವರಿಗೆ ಹೇಗೆ ಗೊತ್ತಿತ್ತು ಎಂದರೆ ಅವರು ಓದಿದ್ದೇ ಬಿಯರ್ ಮಾಡುವ ವಿದ್ಯೆ.

ನಾನು ಅಕ್ಕನ ಮಗಳಿಗೆ ಎರಡೆರಡು ಸಲ ಹೇಳಿದ್ದು ಈ ಭಾಗವನ್ನು. ಅವರಿಗೆ ಡಾಕ್ಟರ್ ಆಗಬೇಕು ಅಂತ ಇತ್ತು. ಮೆಡಿಕಲ್ ಓದಲು ಆಗಲಿಲ್ಲ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿದರು. ತಂದೆ ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್, ಅಂದರೆ ಬಿಯರ್ ತಯಾರಿಯ ಮೇಲ್ವಿಚಾರಕ. ಹುದುಗುವಿಕೆ ಒಂದು ವಿಜ್ಞಾನ, ಅದನ್ನೇ ಯಾಕೆ ಓದಬಾರದು ಎಂದು ಮಗಳಿಗೆ ಹೇಳಿದವರು ಅವರೇ. ಐವತ್ತು ವರ್ಷದ ಹಿಂದೆ ಒಬ್ಬ ಅಪ್ಪ ಮಗಳಿಗೆ ಹೀಗೆ ಹೇಳಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಆಸ್ಟ್ರೇಲಿಯಾದ ಬಲ್ಲಾರಟ್ ಎಂಬ ಊರಿನ ಕಾಲೇಜಿಗೆ ಹೋದರು. ಆ ಕೋರ್ಸಿನಲ್ಲಿ ಅವರೊಬ್ಬರೇ ಹುಡುಗಿ, ತರಗತಿಗೇ ಮೊದಲಿಗರಾದರು. 1975ಕ್ಕೆ ಬ್ರೂಮಾಸ್ಟರ್ ಆಗಿ ವಾಪಸ್ ಬಂದರು.

ಬಂದರೆ ಇಲ್ಲಿ ಕೆಲಸ ಇಲ್ಲ. ಕಲ್ಕತ್ತಾದಲ್ಲಿ, ಬರೋಡಾದಲ್ಲಿ ಸ್ವಲ್ಪ ಕಾಲ ದುಡಿದರು. ಆದರೆ ಬ್ರೂಮಾಸ್ಟರ್ ಹುದ್ದೆ ಕೇಳಿದರೆ, ಇದು ಗಂಡಸರ ಕೆಲಸ ಎಂಬ ಉತ್ತರ. ಸೀಟಿಲ್ಲದ್ದು ಮೊದಲನೇ ಪೆಟ್ಟು, ಪದವಿ ಇದ್ದೂ ಕೆಲಸ ಇಲ್ಲದ್ದು ಎರಡನೇ ಪೆಟ್ಟು.

ಆ ಹೊತ್ತಿಗೆ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬಯೋಕಾನ್ ಬಯೋಕೆಮಿಕಲ್ಸ್ ಎಂಬ ಕಿಣ್ವದ ಕಂಪನಿ ನಡೆಸುತ್ತಿದ್ದ ಲೆಸ್ಲಿ ಆಕಿನ್‌ಕ್ಲಾಸ್ ಅವರ ಪರಿಚಯವಾಯಿತು. ಭಾರತದಲ್ಲಿ ತಮ್ಮ ಕಂಪನಿಗೆ ಪಾಲುದಾರರನ್ನು ಹುಡುಕುತ್ತಿದ್ದವರು ಅವರು. ಆಗಿನ ಕಾನೂನಿನ ಪ್ರಕಾರ ವಿದೇಶಿ ಪಾಲು ಶೇ. 30ಕ್ಕಿಂತ ಜಾಸ್ತಿ ಇರುವ ಹಾಗಿರಲಿಲ್ಲ, ಹಾಗಾಗಿ ಶೇ. 70 ಕಿರಣ್ ಅವರ ಹೆಸರಿನಲ್ಲಿ. ಕಾರ್ಕ್‌ಗೆ ಹೋಗಿ ತರಬೇತಿ ಪಡೆದು ಬಂದು ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದರು. ಬ್ಯಾಂಕುಗಳು ಸಾಲ ಕೊಡಲಿಲ್ಲ. ಹೆಣ್ಣು, ಸಣ್ಣ ಪ್ರಾಯ, ಯಾರೂ ಕೇಳದ ಉದ್ಯಮ, ಅಡವಿಡಲು ಆಸ್ತಿ ಇಲ್ಲ. ಅವರಲ್ಲಿ ಕೆಲಸಕ್ಕೆ ಸೇರಲೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಕೊನೆಗೆ ಒಬ್ಬ ಬ್ಯಾಂಕ್ ಅಧಿಕಾರಿ ನಂಬಿ ಸಾಲ ಕೊಟ್ಟರು. ವರ್ಷದೊಳಗೆ ಅವರ ಕಿಣ್ವ ಅಮೆರಿಕ, ಯುರೋಪಿಗೆ ಹೋಯಿತು. ಭಾರತದಿಂದ ಹಾಗೆ ಹೋದದ್ದು ಅದೇ ಮೊದಲು.

ಇಲ್ಲಿಯವರೆಗಿನದ್ದು ಅಲ್ಲಲ್ಲಿ ಬರುತ್ತಿರುತ್ತದೆ. ನಾನು ಹೇಳಬೇಕೆಂದದ್ದು ಇದರ ನಂತರದ್ದು.

ಜನ ಅಂದುಕೊಳ್ಳುವುದು ಏನೆಂದರೆ, ಅವರು ಬಿಯರ್ ಬಿಟ್ಟು ಮದ್ದಿನ ಕಂಪನಿ ಮಾಡಿದರು, ದಾರಿ ಬದಲಿಸಿದರು ಅಂತ. ನಾನೂ ಹಾಗೆಯೇ ತಿಳಿದಿದ್ದೆ. ಓದುತ್ತಾ ಹೋದ ಹಾಗೆ ಗೊತ್ತಾಯಿತು, ಅವರು ಬಲ್ಲಾರಟ್‌ನಲ್ಲಿ ಕಲಿತ ಒಂದೇ ವಿದ್ಯೆಯನ್ನು ನಲವತ್ತು ವರ್ಷ ಬಿಡಲೇ ಇಲ್ಲ. ಬಿಯರ್ ಎಂದರೆ ಏನು? ದೊಡ್ಡ ಪಾತ್ರೆಯಲ್ಲಿ ಯೀಸ್ಟನ್ನು ಸಾಕುವುದು. ಅದಕ್ಕೆ ಬೇಕಾದ ಆಹಾರ, ಬೇಕಾದಷ್ಟು ಬಿಸಿ, ಬೇಕಾದಷ್ಟು ಗಾಳಿ ಕೊಟ್ಟು, ಬೇರೆ ಸೂಕ್ಷ್ಮಜೀವಿ ಒಳಗೆ ಬಾರದ ಹಾಗೆ ಕಾದು, ಅದು ಕೊಡುವುದನ್ನು ತೆಗೆದುಕೊಳ್ಳುವುದು. ದನ ಸಾಕಿದ ಹಾಗೆಯೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಪಪೈನ್ ಗಿಡದಿಂದ ಸಿಗುತ್ತದೆ ನಿಜ, ಆದರೆ ಮುಂದೆ ಬಯೋಕಾನ್ ಬೇರೆ ಕಿಣ್ವಗಳಿಗೆ ಶಿಲೀಂಧ್ರಗಳನ್ನು, ಅಂದರೆ ಬೂಷ್ಟನ್ನು ಸಾಕಲು ಶುರು ಮಾಡಿತು. ನೀರಿನ ಟ್ಯಾಂಕಿನಲ್ಲಿ ಅಲ್ಲ, ಒದ್ದೆ ಧಾನ್ಯದಂಥ ಗಟ್ಟಿ ವಸ್ತುವಿನ ಮೇಲೆ ಹರಡಿ ಬೆಳೆಸುವ ಕ್ರಮ. ಅದಕ್ಕಾಗಿಯೇ ಒಂದು ಯಂತ್ರವನ್ನೂ ಮಾಡಿ ಪೇಟೆಂಟ್ ಪಡೆದರು, ಪ್ಲಾಫ್ರಾಕ್ಟರ್ ಅಂತ ಅದರ ಹೆಸರು.

ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಎಂಬ ಮದ್ದು ಇದೆ. ಅದನ್ನು ಕೊಡುವುದೂ ಒಂದು ಬೂಷ್ಟೇ. ಬೂಷ್ಟು ಸಾಕಲು ಗೊತ್ತಿದ್ದವರಿಗೆ ಆ ಮದ್ದು ದೂರದ್ದಲ್ಲ. 2001ರಲ್ಲಿ ಬಯೋಕಾನ್‌ನ ಲೊವಾಸ್ಟಾಟಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಅಲ್ಲಿಂದ ಇನ್ಸುಲಿನ್.

ಇನ್ಸುಲಿನ್ ಬಗ್ಗೆ ನಾನು ಸ್ವಲ್ಪ ನಿಂತು ಹೇಳಬೇಕು, ಅದು ನನ್ನ ದಿನದ ಕೆಲಸ. ನಮ್ಮ ಅಂಗಡಿಗೆ ತಿಂಗಳಿಗೊಮ್ಮೆ ಗುಡ್ಡೆ ಆಚೆಯಿಂದ ಒಬ್ಬರು ಅಜ್ಜಿ ಬರುತ್ತಾರೆ. ಅಡಿಕೆ ಸುಲಿದು ಸುಲಿದು ಅವರ ಹೆಬ್ಬೆರಳು ಕಪ್ಪಾಗಿದೆ. ಕೈಚೀಲದಲ್ಲಿ ಅಗಲ ಬಾಯಿಯ ಒಂದು ಫ್ಲಾಸ್ಕ್. ನಾನು ಫ್ರಿಡ್ಜಿನಿಂದ 10 ಎಂ.ಎಲ್. ಬಾಟ್ಲಿ ತೆಗೆದು, ಒರೆಸಿ, ಕಾಗದ ಸುತ್ತಿ ಫ್ಲಾಸ್ಕಿನೊಳಗೆ ಇಳಿಸುತ್ತೇನೆ. ಅವರ ಮನೆಯಲ್ಲಿ ಫ್ರಿಡ್ಜ್ ಇಲ್ಲ. ಮಣ್ಣಿನ ಮಡಕೆಗೆ ಹೊಯಿಗೆ ತುಂಬಿ ನೀರು ಹನಿಸಿ ಒದ್ದೆ ಇಟ್ಟು, ನಡುವೆ ಡಬ್ಬಿಯಲ್ಲಿ ಬಾಟ್ಲಿ ಇಡುತ್ತಾರೆ. ಹೇಗೆ ಇಡಬೇಕೆಂದು ತೋರಿಸಿಕೊಟ್ಟದ್ದು ನಾನೇ. ಒಮ್ಮೆ ಅವರು ಕೇಳಿದರು, "ಇದೆಂತದರಿಂದ ಮಾಡುದು ಅಕ್ಕ?" ಅಂತ. "ಕಳ್ಳಿಗೆ ಹುದುಗು ಬರಿಸ್ತದಲ್ಲ ಅಜ್ಜಿ, ಹೆಚ್ಚುಕಡಿಮೆ ಆ ಜಾತಿಯ ಜೀವಿಯಿಂದ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಅದು ನಿಜ.

ಹಿಂದೆ ಇನ್ಸುಲಿನನ್ನು ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಲ್ಲಿ ಬ್ಯಾಕ್ಟೀರಿಯಾದಿಂದ ಮಾಡಿದ ಮನುಷ್ಯರ ಇನ್ಸುಲಿನ್‌ಗೆ ಅಮೆರಿಕದಲ್ಲಿ ಮೊದಲ ಬಾರಿ ಒಪ್ಪಿಗೆ ಸಿಕ್ಕಿತು. ಬಯೋಕಾನ್ ಹಿಡಿದದ್ದು ಯೀಸ್ಟಿನ ದಾರಿ. ಪಿಚಿಯಾ ಎಂಬ ಯೀಸ್ಟಿನ ಒಳಗೆ ಮನುಷ್ಯರ ಇನ್ಸುಲಿನ್ ಮಾಡುವ ಜೀನ್ ಸೇರಿಸಿ, ಆ ಯೀಸ್ಟನ್ನು ಟ್ಯಾಂಕಿನಲ್ಲಿ ಸಾಕುವುದು. ಟ್ಯಾಂಕು ಬಿಯರಿನ ಟ್ಯಾಂಕಿನ ನೆಂಟನೇ. 2004ರಲ್ಲಿ ಇನ್ಸುಜೆನ್ ಎಂಬ ಅವರ ಇನ್ಸುಲಿನ್ ಬಂತು. ಅದೇ ವರ್ಷ ಕಂಪನಿಯ ಷೇರು ಮಾರುಕಟ್ಟೆಗೆ ಬಂದು, ಮೊದಲ ದಿನವೇ 100 ಕೋಟಿ ಡಾಲರ್ ಮೌಲ್ಯ ದಾಟಿತು. ನಿಮ್ಮ ಲೇಖನದಲ್ಲಿ ಈ ಷೇರಿನ ವಿಷಯ ಇತ್ತು, ಇನ್ಸುಲಿನ್ ವಿಷಯ ಇರಲಿಲ್ಲ.

2007ರಲ್ಲಿ ಅವರು ಕಿಣ್ವದ ವ್ಯವಹಾರವನ್ನು ಪೂರ್ತಿ ಡೆನ್ಮಾರ್ಕಿನ ನೊವೊಜೈಮ್ಸ್ ಕಂಪನಿಗೆ ಮಾರಿದರು. ಹುಟ್ಟಿದ ಮನೆಯನ್ನೇ ಮಾರಿದ ಹಾಗೆ. ಷೇರಿನ ಗದ್ದಲಕ್ಕಿಂತ ಈ ತೀರ್ಮಾನ ಎಷ್ಟೋ ದೊಡ್ಡದು ಎಂದು ನನಗನಿಸುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಮದ್ದನ್ನು 2014ರಲ್ಲಿ ಭಾರತದಲ್ಲಿ ತಂದರು, 2017ರಲ್ಲಿ ಅದಕ್ಕೆ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಅವರ ಹತ್ತಿರದ ಗೆಳತಿಯೊಬ್ಬರು ಸ್ತನ ಕ್ಯಾನ್ಸರ್‌ನಿಂದ ನರಳಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. 2009ರಲ್ಲಿ ಡಾ. ದೇವಿ ಶೆಟ್ಟಿಯವರ ಜೊತೆ ಸೇರಿ ಬೊಮ್ಮಸಂದ್ರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಮಾಡಿದ್ದಕ್ಕೂ ಆ ನೋವೇ ಕಾರಣ.

ಅವರ ಕಂಪನಿಯ ಎಲ್ಲವೂ ಸರಿ ಎನ್ನಲು ನಾನು ಬರೆಯುತ್ತಿಲ್ಲ. ಕ್ಯಾನ್ಸರಿನ ಮದ್ದಿನ ರೇಟು ಕೇಳಿ ಸುಮ್ನೆ ಚೀಟಿ ಮಡಚಿ ಹೊರಟು ಹೋದವರನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ವಿದೇಶಿ ಕಂಪನಿಯ ಮದ್ದಿಗಿಂತ ಕಡಿಮೆ ಆದರೂ ಅದು ನಮ್ಮ ಜನಕ್ಕೆ ಎಟುಕುವ ರೇಟಲ್ಲ. ಈ ಪ್ರಶ್ನೆಯನ್ನೂ ಪತ್ರಿಕೆ ಕೇಳಬೇಕು. ಇನ್ನೊಂದು, ಅವರಿಗೆ ಬೆಂಗಳೂರಿನ ಒಳ್ಳೆಯ ಇಂಗ್ಲಿಷ್ ಶಾಲೆ ಇತ್ತು, ಆಸ್ಟ್ರೇಲಿಯಾಕ್ಕೆ ಕಳಿಸುವ ಅಪ್ಪ ಇದ್ದರು. ನಮ್ಮ ಮಕ್ಕಳಿಗೆ ಅದು ಇಲ್ಲ. ಅದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಮಕ್ಕಳಿಗೆ ತಮ್ಮದೇ ತಪ್ಪು ಅನಿಸುತ್ತದೆ.

ನಮಗೆ ಏನು ಇತ್ತು ಎಂದೂ ಹೇಳುತ್ತೇನೆ. ನಾನು ಓದಿದ ಶಾಲೆಗೆ ಒಂದು ವರ್ಷ ಜೀವಶಾಸ್ತ್ರಕ್ಕೆ ಬಂದ ಟೀಚರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪಾಪ, ಅವರದ್ದೂ ತಪ್ಪಲ್ಲ, ಅವರನ್ನು ಅಲ್ಲಿ ಹಾಕಿದವರದ್ದು. ನಾವೇ ಪಾಠ ಗಟ್ಟಿಯಾಗಿ ಓದುತ್ತಿದ್ದೆವು, ಅವರು ಮಲಯಾಳದಲ್ಲಿ ವಿವರಿಸುತ್ತಿದ್ದರು. 'ಕಿಣ್ವಗಳು ಜೈವಿಕ ವೇಗವರ್ಧಕಗಳು' ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದೆ. ಆ ಕಿಣ್ವ ಅಜ್ಜಿಯ ಬೆರಳು ಸುಲಿದ ಬಪ್ಪಂಗಾಯಿ ಹಾಲು ಎಂದು ಯಾರೂ ಹೇಳಲಿಲ್ಲ. ನನಗೆ ಅದು ಗೊತ್ತಾದದ್ದು ಡಿ.ಫಾರ್ಮ್ ಮಾಡುವಾಗ, ಇಂಗ್ಲಿಷ್ ಪುಸ್ತಕದಲ್ಲಿ. ಆ ದಿನ ಖುಷಿಯಾಗುವ ಬದಲು ಅಳು ಬಂದಿತ್ತು.

ಕಿಣ್ವ ಎಂಬ ಪದವನ್ನೇ ನೋಡಿ. ಅದು ಸಂಸ್ಕೃತದ ಹಳೆಯ ಪದ, ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಮದ್ಯ ಮಾಡುವಾಗ ಹುದುಗು ಬರಿಸಲು ಹಾಕುತ್ತಿದ್ದ ವಸ್ತುವಿಗೆ ಕಿಣ್ವ ಎಂದು ಹೆಸರು. ಕಿರಣ್ ಅವರ ಇಡೀ ದಾರಿ, ಬಿಯರಿನಿಂದ ಮದ್ದಿನವರೆಗೆ, ನಮ್ಮ ಪಾಠದ ಆ ಒಂದೇ ಪದದೊಳಗೆ ಇದೆ. ನಮ್ಮ ಊರಿನಲ್ಲಿ ಹುದುಗು ಗೊತ್ತಿಲ್ಲದವರು ಯಾರು? ಬೆಳಿಗ್ಗೆ ಇಳಿಸಿದ ಕಳ್ಳು ಮಧ್ಯಾಹ್ನಕ್ಕೆ ಹುದುಗಿ ಹುಳಿಯಾಗುವುದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಂದ. ಆ ಹುಳಿ ತಡೆಯಬೇಕೆಂದೇ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಮಂಜುಗಡ್ಡೆ ಇಟ್ಟ ಪೆಟ್ಟಿಗೆಯನ್ನು ತೆಂಗಿನ ಮರಕ್ಕೇ ಕಟ್ಟಿ, ರಸವನ್ನು ತಣ್ಣಗೆ ಇಳಿಸುವ ಕ್ರಮ ಕಂಡುಹಿಡಿದರು. ಅದನ್ನೇ ಕಲ್ಪರಸ ಎನ್ನುತ್ತಾರೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ ಅದು. ನಮ್ಮ ಮಕ್ಕಳು ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುತ್ತಾರೆ, ಒಳಗೆ ಏನು ನಡೆಯುತ್ತದೆಂದು ಎಷ್ಟು ಮಂದಿಗೆ ಗೊತ್ತು? ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ, ಜೀನೋಮಿಕ್ ಸೈನ್ಸ್ ವಿಭಾಗಗಳಿವೆ ಎಂದು ಎಷ್ಟು ಅಪ್ಪ ಅಮ್ಮಂದಿರಿಗೆ ಗೊತ್ತು? ನಮ್ಮಲ್ಲಿ ಬಯಾಲಜಿ ಎಂದರೆ ಎಂಬಿಬಿಎಸ್, ಅದಾಗದಿದ್ದರೆ ನರ್ಸಿಂಗ್, ಅದೂ ಆಗದಿದ್ದರೆ ಮದುವೆ. ಕಿರಣ್ ಅವರ ಕಥೆಯ ಆಸ್ತಿಯ ಭಾಗ ಇದನ್ನು ಒಂದಿಷ್ಟೂ ಅಲುಗಾಡಿಸುವುದಿಲ್ಲ. ಬಪ್ಪಂಗಾಯಿ ಹಾಲಿನ ಭಾಗ ಅಲುಗಾಡಿಸುತ್ತದೆ.

ಹಾಗಾಗಿ ನನ್ನ ಕೋರಿಕೆ. ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಈ ಕಥೆಯನ್ನು ಇನ್ನೊಮ್ಮೆ ಬರೆಸಿ, ಈ ಸಲ ಕೆಲಸದ ಕಥೆಯನ್ನು. ಪಪೈನ್ ಹೇಗೆ ತೆಗೆಯುತ್ತಾರೆ, ಟ್ಯಾಂಕಿನಲ್ಲಿ ಯೀಸ್ಟ್ ಹೇಗೆ ಸಾಕುತ್ತಾರೆ, ಒಂದು ಬಾಟ್ಲಿ ಇನ್ಸುಲಿನ್ ನಮ್ಮ ಅಂಗಡಿಯ ಫ್ರಿಡ್ಜಿಗೆ ಬರುವವರೆಗೆ ಏನೇನಾಗುತ್ತದೆ, ಯಾವ ಯಾವ ಓದು ಓದಿದವರು ಅಲ್ಲಿ ಕೆಲಸ ಮಾಡುತ್ತಾರೆ. ಕನ್ನಡದಲ್ಲಿ ಬರೆಸಿ, ಕಾಸರಗೋಡು ಆವೃತ್ತಿಯಲ್ಲಿ ಮರೆಯದೆ ಹಾಕಿ. ನೀಟ್ ಫಲಿತಾಂಶದ ದಿನ ರ‍್ಯಾಂಕ್ ಬಂದವರ ಫೋಟೋ ಹಾಕುತ್ತೀರಲ್ಲ, ಅದರ ಪಕ್ಕದ ಪುಟದಲ್ಲೇ ಹಾಕಿದರೆ ಇನ್ನೂ ಒಳ್ಳೆಯದು. ಆ ದಿನ ಪೇಪರ್ ತೆರೆಯಲು ಹೆದರುವ ಮಕ್ಕಳು ಮನೆಮನೆಯಲ್ಲಿ ಇರುತ್ತಾರೆ.

ಕೊನೆಗೆ ಒಂದು ವಿಷಯ. ಇದನ್ನೆಲ್ಲಾ ಕೇಳಿದ ಮೇಲೆ ಹೋದ ಭಾನುವಾರ ಬೆಳಿಗ್ಗೆ ಅಕ್ಕನ ಮಗಳು ಹಿತ್ತಿಲಿಗೆ ಹೋದಳು. ಮರದಲ್ಲೇ ಇದ್ದ ಹಸಿ ಕಾಯಿಗೆ ಬ್ಲೇಡಿನಿಂದ ಮೇಲಿನಿಂದ ಕೆಳಗೆ ನಾಲ್ಕು ಗೆರೆ ಎಳೆದು, ಕೆಳಗೆ ಗೆರಟೆ ಹಿಡಿದಳು. ಕೈಗೆ ಎಣ್ಣೆ ಹಚ್ಚಿಕೊಂಡಿದ್ದಳು. ಎರಡು ಲೋಟದಲ್ಲಿ ಉಗುರು ಬೆಚ್ಚಗಿನ ಹಾಲು ಇಟ್ಟು, ಒಂದಕ್ಕೆ ಆ ಬಪ್ಪಂಗಾಯಿ ಹಾಲು ಕೆಲವು ಹನಿ ಬಿಟ್ಟು, ಇನ್ನೊಂದನ್ನು ಹಾಗೇ ಬಿಟ್ಟು, ಗಡಿಯಾರ ನೋಡುತ್ತಾ ಕೂತಳು. ಹನಿ ಬಿಟ್ಟದ್ದು ಒಡೆಯಿತು, ಮತ್ತೊಂದು ಹಾಗೆಯೇ ಇತ್ತು. ಮತ್ತೆ ಕುದಿಸಿ ಆರಿಸಿದ ಬಪ್ಪಂಗಾಯಿ ಹಾಲಿನಿಂದಲೂ ಮಾಡಿ ನೋಡಬೇಕಂತೆ, ಕುದಿಸಿದರೆ ಕಿಣ್ವ ಕೆಡುತ್ತದೆ ಅಲ್ವಾ ಎಂದು ನನ್ನನ್ನೇ ಕೇಳಿದಳು. ಎರಡು ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಮಾಡಿದ್ದನ್ನೆಲ್ಲಾ ಕನ್ನಡದಲ್ಲಿ ಎರಡು ಪುಟ ಬರೆದಿದ್ದಾಳೆ. ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಕಡಿಮೆ ಇದ್ದರೆ ನನ್ನ ಪತ್ರವನ್ನು ಬಿಟ್ಟು ಅದನ್ನು ಹಾಕಿ.

ಇತಿ,
ನಿಮ್ಮ ಪತ್ರಿಕೆಯ ಓದುಗಳು
ಬದಿಯಡ್ಕ, ಕಾಸರಗೋಡು ಜಿಲ್ಲೆ